ವಂಶವೃಕ್ಷದಲ್ಲಿ ಇಲ್ಲದವಳು

ಮಧುಗಿರಿ
೧೪-೧೦-೨೦೨೪

ಭೀಮರಾಜಣ್ಣನಿಗೆ,

ತಂಗಿ ಲಕ್ಷ್ಮೀದೇವಿ ಮಾಡುವ ನಮಸ್ಕಾರ. ಕ್ಷೇಮ ಕೇಳಲು ಬರೆದ ಪತ್ರವಲ್ಲ ಇದು. ಫೋನಿನಲ್ಲಿ ಬೈದರೆ ಟವರ್ ಇಲ್ಲವೆಂದು ಕಟ್ ಮಾಡುತ್ತೀಯ, ಅದಕ್ಕೇ ಬರೆಯುತ್ತಿದ್ದೇನೆ. ಕೊನೆಯವರೆಗೂ ಓದು.

ಅಪ್ಪ ತೀರಿಕೊಂಡ ಮೇಲೆ, ವಳ್ಳೂರಿನ ಹೊಲವನ್ನು ಸೋಲಾರ್‌ನವರಿಗೆ ಗುತ್ತಿಗೆ ಕೊಡುವಾಗ ಇಬ್ಬರೂ ಸಹಿ ಹಾಕೋಣ ಎಂದು ನಿನಗೆ ಹೇಳಿದ್ದೆ. ನೀನು ಕರೆಯಲೇ ಇಲ್ಲ. ಹೋದ ತಿಂಗಳು ಮೊಬೈಲಿನಲ್ಲಿ ಸರ್ವೆ ನಂಬರ್ ಹಾಕಿ ಪಹಣಿ ನೋಡಿದೆ. ಅಪ್ಪನ ಹೆಸರಿದ್ದ ಜಾಗದಲ್ಲಿ ನಿನ್ನೊಬ್ಬನ ಹೆಸರಿತ್ತು. ಆಫೀಸಿನಲ್ಲೇ ಏನೋ ತಪ್ಪಾಗಿರಬೇಕು, ನನ್ನಣ್ಣ ಅಂಥವನಲ್ಲ ಎಂದುಕೊಂಡೆ. ನನ್ನ ದಡ್ಡತನಕ್ಕೆ ಏನು ಹೇಳಲಿ.

ಪಾವಗಡದ ತಾಲ್ಲೂಕು ಕಚೇರಿಗೆ ಹೋಗಿ, ಖಾತೆ ಬದಲಾದ ಕಡತದ ನಕಲಿಗೆ ಅರ್ಜಿ ಕೊಟ್ಟೆ. ಬಂತು. ಅದರೊಳಗೆ ನೀನು ಪ್ರಮಾಣ ಮಾಡಿ ಕೊಟ್ಟ ವಂಶವೃಕ್ಷವಿತ್ತು. ಅಪ್ಪ ಅವ್ವನ ಕೆಳಗೆ ನೀನೊಬ್ಬನೇ. ನಾನು ಆ ಮನೆಯಲ್ಲಿ ಹುಟ್ಟಲೇ ಇಲ್ಲ. ಸಾಲಿನಲ್ಲಿ ನಿಂತಿದ್ದ ಮುದುಕನೊಬ್ಬ, ಎಲ್ರೂ ಇಂಗೇ ಬರ್ಸೋದು ಕಣಮ್ಮ, ಹೆಣ್ಮಕ್ಳನ್ನ ಯಾರ್ ಸೇರಿಸ್ತಾರೆ ಅಂದ. ನಿನ್ನ ಮೇಲಿನ ಸಿಟ್ಟನ್ನೆಲ್ಲ ಆ ಬಡಪಾಯಿಯ ಮೇಲೆ ತೀರಿಸಿಕೊಂಡೆ.

ಅವತ್ತು ಸಂಜೆ ಫೋನ್ ಮಾಡಿ ಕೇಳಿದರೆ ನೀನು ಏನಂದೆ? ಕೊಟ್ಟ ಹೆಣ್ಣು ಕುಲಕ್ಕೆ ಹೊರಗೆ ಕಣಮ್ಮಿ, ಅದಕ್ಯಾಕಿಷ್ಟು ರಂಪ, ಬುಡು ಅಂದೆ. ಹಾಗಾದರೆ ಗೌರಿ ಹಬ್ಬಕ್ಕೆ ಬಾಗಿನ ಹೊತ್ತು ತಂದೆಯಲ್ಲ, ಯಾರಿಗೆ ತಂದೆ? ಅಪ್ಪ ಹಾಸಿಗೆ ಹಿಡಿದಾಗ ಹೇಲು ಉಚ್ಚೆ ಬಾಚಿದವಳು ಯಾವ ಕುಲದವಳು? ಹೊಲ ನನಗೇ ಇರಲಿ ಲಕ್ಷ್ಮಿ ಎಂದು ಬಾಯಿಬಿಟ್ಟು ಕೇಳಿದ್ದರೆ ಬಿಟ್ಟುಕೊಡುತ್ತಿದ್ದೆನೋ ಏನೋ. ನೀನು ಕೇಳಲಿಲ್ಲ, ನನ್ನನ್ನೇ ಅಳಿಸಿಬಿಟ್ಟೆ. ಆ ಮನೆಯ ಮಗಳು ಎಂದು ನನ್ನ ಹೆಸರು ಅಲ್ಲಿ ಬರಲೇಬೇಕು.

ತಹಶೀಲ್ದಾರರಿಗೆ ತಕರಾರು ಬರೆದಾಗಿದೆ, ನಾಳೆ ಕೊಡುತ್ತೇನೆ. ಆಮೇಲೆ ನಾಲ್ಕು ಜನರ ಮುಂದೆ ಮಾನ ಕಳೆದೆ ಎಂದು ನನ್ನನ್ನು ಅನ್ನಬೇಡ. ನೋಟೀಸು ಬಂದಾಗ ಬಾ.

ಇಂತಿ ನಿನ್ನ ಒಡಹುಟ್ಟಿದವಳು,
ಲಕ್ಷ್ಮೀದೇವಿ

ಇನ್ನೊಂದು ಮಾತು: ನಮ್ಮ ಮನೆಯಲ್ಲಿದ್ದು ಕಾಲೇಜಿಗೆ ಹೋಗುತ್ತಿರುವ ನಿನ್ನ ಮಗಳು ರಕ್ಷಾಳಿಗೆ ಆ ವಂಶವೃಕ್ಷದ ನಕಲು ತೋರಿಸಬಾರದು ಎಂದುಕೊಂಡಿದ್ದೆ. ನಿನ್ನೆ ಅವಳೇ ತೆಗೆದು ನೋಡಿದಳು. ನಿನ್ನ ಹೆಸರಿನ ಕೆಳಗೆ ಮಗ ಪ್ರಭುದೇವ್ ಒಬ್ಬನೇ ಇದ್ದಾನೆ. ನನ್ನನ್ನಿನ್ನೂ ಯಾರಿಗೂ ಕೊಟ್ಟಿಲ್ವಲ್ಲ ಅತ್ತೆ, ಅಂದಳು. ತಕರಾರಿನಲ್ಲಿ ನನ್ನ ಸಹಿಯ ಕೆಳಗೆ ಅವಳೂ ಸಹಿ ಹಾಕಿದ್ದಾಳೆ.