ಅರಿಶಿನಕ್ಕೆ ಸುಣ್ಣ

ಜನವರಿ 20, 2003, ಸೋಮವಾರ

ಕಣದಲ್ಲಿ ಕಾಫಿ ಹರವಿಸಿ ಒಳಗೆ ಬಂದರೆ ಅಡುಗೆಮನೆ ರಣರಂಗ. ಉಪ್ಪುನೀರಿನ ಲೋಟದಲ್ಲಿ ಮೊಟ್ಟೆ ತೇಲುತ್ತಿದೆ. ಮೊಮ್ಮಗಳು ಧನುಶ್ರೀಯ ಸ್ಕೂಲಲ್ಲಿ ಸೈನ್ಸ್ ಎಕ್ಸಿಬಿಷನ್. ಮನೆ ಸಾಮಾನಿನಲ್ಲೇ ಪ್ರಯೋಗ ಮಾಡಬೇಕಂತೆ. ಆ ಟೀಚರಿಗೇನು, ಹಾಳಾಗುವುದು ನನ್ನ ಮನೆ ತಾನೆ.

ಸಂಜೆ ಇವರ ಎಲೆಅಡಿಕೆ ತಟ್ಟೆಯಿಂದ ಸುಣ್ಣ ಕದ್ದು ಅರಿಶಿನಕ್ಕೆ ಕಲಸಿದಳು. ಕೆಂಪಾಯಿತು. ಕುಣಿದಾಡಿದಳು. ಸೊಸೆ ಶೀಲಾಳೂ ನಕ್ಕಳು. ನನ್ನ ಮಗ ಸತ್ತು ಇನ್ನೂ ವರ್ಷ ತುಂಬಿಲ್ಲ… ನಗು ಬರುತ್ತೆ ಇವಳಿಗೆ.

ಜನವರಿ 24, ಶುಕ್ರವಾರ, ಸಂಜೆ

ಎಕ್ಸಿಬಿಷನ್ ಮುಗಿಸಿ ತಾಯಿ ಮಗಳು ಸಕಲೇಶಪುರದ ಬಸ್ಸಿಳಿದು ಬಂದರು. ಶೀಲಾಳ ಹಣೆಯಲ್ಲಿ ಕೆಂಪು ಬೊಟ್ಟು! ಕಾಫಿ ಹಣ್ಣು ಕುಯ್ಯುವ ಹೆಂಗಸರೆಲ್ಲ ಅಂಗಳದಲ್ಲಿದ್ದರು. ಅವರಲ್ಲಿ ಕೆಂಚಮ್ಮ ಬಾಯಿಗೆ ಸೆರಗು ಹಿಡಿದಳು. ನನಗೆ ಮೈಯೆಲ್ಲ ಉರಿದುಹೋಯಿತು. ಇದೇನು ಅಂತ ಕೇಳಿದೆ. ಮಗು ಇಟ್ಟಿದ್ದು, ಬರೀ ಅರಿಶಿನ ಸುಣ್ಣ ಅತ್ತೆ, ಅಳಿಸಲು ಮನಸ್ಸು ಬರಲಿಲ್ಲ ಅಂದಳು. ಮನಸ್ಸಂತೆ. ಗಂಡ ಹೋದವಳಿಗೆ.

ಮಧ್ಯೆ ಧನುಶ್ರೀ ಬಾಯಿ ಹಾಕಿದಳು. "ನಿಂಬೆಹುಳಿ ಬಿಟ್ರೆ ವಾಪಸ್ ಹಳದಿ ಆಗ್ಬುಡುತ್ತೆ ಅಜ್ಜಿ."

ಒಳ್ಳೆಯದೇ ಆಯಿತು. ನಿಂಬೆಹಣ್ಣು ಕತ್ತರಿಸಿ ಅವಳ ಕೈಗೇ ಕೊಟ್ಟೆ. "ನಿಮ್ಮವ್ವನಿಗೆ ನೀನೇ ಮಾಡು ಕಣೇ. ಎಲ್ರೂ ನೋಡ್ಲಿ."

ಮಗು ಖುಷಿಯಿಂದಲೇ ಉಜ್ಜಿತು. ಸುಣ್ಣಕ್ಕೆ ಚರ್ಮ ಮೊದಲೇ ಸುಟ್ಟಿತ್ತು. ಶೀಲಾ ಕಣ್ಣು ಮುಚ್ಚಿ ನಿಂತಿದ್ದಳು. ಹುಳಿ ಮೂಗಿನ ಮೇಲೆ ಇಳಿಯಿತು. ಹಳದಿಯಾಯಿತು. ಧನುಶ್ರೀ ಚಪ್ಪಾಳೆ ತಟ್ಟಿದಳು, ತಾಯಿಯ ಮುಖ ನೋಡಿ ನಿಲ್ಲಿಸಿದಳು. ನನಗೆ ತೃಪ್ತಿಯಾಯಿತು — ಸುಳ್ಳು ಯಾಕೆ ಬರೆಯಲಿ.

ಜನವರಿ 25

ಶೀಲಾಳ ಹಣೆ ಬಾತಿದೆ. ಕೊಬ್ಬರಿ ಎಣ್ಣೆ ಹಚ್ಚಿಕೋ ಅಂದೆ. ಕೇಳಿಸದವಳ ಹಾಗೆ ಹಾಲು ಕಾಯಿಸಿದಳು. ಮಗು ಊಟ ಬಿಟ್ಟಿದೆ. ಹಸಿವಾದರೆ ತಾನೇ ತಿನ್ನುತ್ತೆ.

ಫೆಬ್ರವರಿ 9, ಭಾನುವಾರ

ಇಷ್ಟು ದಿನ ಬರೆಯಲಾಗಲಿಲ್ಲ. ಇವರಿಗೆ ಎದೆನೋವು. ಹಾಸನದ ಆಸ್ಪತ್ರೆ. ಡಾಕ್ಟರು ಬಾಯಿ ಬಿಡುತ್ತಿಲ್ಲ. ಮೈದುನ ಅಲ್ಲೇ ಉಳಿದು ನನ್ನನ್ನು ಮನೆಗೆ ಕಳಿಸಿದ. ತುಂಬ ಭಯವಾಗುತ್ತಿದೆ. ಕುಂಕುಮ ದಪ್ಪಗೆ ಇಟ್ಟುಕೊಳ್ಳುತ್ತಿದ್ದೇನೆ. ಅದೊಂದೇ ಧೈರ್ಯ.

ಫೆಬ್ರವರಿ 10, ಬೆಳಿಗ್ಗೆ

ಕನ್ನಡಿ ಮುಂದೆ ಕೂತಿದ್ದೆ. ಧನುಶ್ರೀ ಬಂದು ಪಕ್ಕದಲ್ಲಿ ನಿಂತಳು. ಅವತ್ತಿನಿಂದ ನನ್ನ ಹತ್ತಿರ ಸುಳಿದಿರಲಿಲ್ಲ. ಬಂದಳಲ್ಲ ಅಂತ ಸಮಾಧಾನವಾಯಿತು. ಅಂಗಡಿ ಕುಂಕುಮವನ್ನೂ ಅರಿಶಿನ ಸುಣ್ಣದಿಂದಲೇ ಮಾಡುತ್ತಾರಾ ಅಂತ ಕೇಳಿದಳು. ಹೌದು ಪುಟ್ಟ ಅಂದೆ. ಬೆನ್ನ ಹಿಂದಿದ್ದ ಕೈ ಮುಂದೆ ತಂದಳು. ಅರ್ಧ ನಿಂಬೆಹಣ್ಣು.

"ನಿಂದೂ ಹಳದಿ ಆಗ್ತೈತಾ ನೋಡನ ಅಜ್ಜಿ. ಅಂಗಳಕ್ಕೆ ಬಾ, ಎಲ್ರೂ ಅವ್ರೆ."

ಬಾಗಿಲಲ್ಲಿ ಶೀಲಾ ನಿಂತಿದ್ದಳು. ಮಗಳನ್ನು ಕರೆಯಲಿಲ್ಲ. ನಾನೇ ಎದ್ದು ಇಬ್ಬರನ್ನೂ ಆಚೆ ನೂಕಿ ಚಿಲಕ ಹಾಕಿಕೊಂಡೆ. ಬರೆಯುವಾಗಲೂ ಎಡಗೈ ಹಣೆಯ ಮೇಲೇ ಇದೆ. ಆ ಮಗು ಬಾಗಿಲು ಬಿಟ್ಟು ಹೋಗುತ್ತಿಲ್ಲ, ಮತ್ತೆ ಮತ್ತೆ ಅಜ್ಜಿ ಅಜ್ಜಿ ಅಂತ —