ಬಾಣಂತನಕ್ಕೆ ಬಾರದ ಹಕ್ಕಿ

ಬೆಳಕವಾಡಿ
ಮಾರ್ಚ್ 3, ಮಂಗಳವಾರ

ಪ್ರೀತಿಯ ಇವರಿಗೆ,

ಹೆಸರು ಬರೆಯಲು ಈಗಲೂ ಕೈ ಬರುವುದಿಲ್ಲ, ನಗಬೇಡಿ. ಹೇಗಿದ್ದೀರಿ? ಚಳಿಗೆ ಮೂಗಿನಲ್ಲಿ ರಕ್ತ ಬರುತ್ತಿದ್ದದ್ದು ನಿಂತಿತೇ? ಒದ್ದೆ ಕಾಲುಚೀಲದಲ್ಲೇ ಮಲಗಬೇಡಿ. ಗಡಿ ಕಾಯುವವರಿಗೆ ನಾನೇನು ಬುದ್ಧಿ ಹೇಳುವುದು, ಆದರೂ ಹೇಳುತ್ತೇನೆ. ಫೋನಿನಲ್ಲಿ ಎರಡು ಮಾತಾಡುವಷ್ಟರಲ್ಲಿ ಸಿಗ್ನಲ್ ಹೋಗುತ್ತದೆ. ಇಲ್ಲಿಯ ಸಂಗತಿ ಅರ್ಧ ಕೇಳಿದರೆ ನೀವು ನಿದ್ದೆಗೆಡುತ್ತೀರಿ ಎಂದು ಪೂರ್ತಿ ಬರೆಯುತ್ತಿದ್ದೇನೆ. ನನಗೆ ತುಂಬಾ ಭಯವಾಗಿದೆ, ರೀ.

ಈ ಸಲವೂ ನಮ್ಮ ಕೆರೆಗೆ ಪಟ್ಟೆತಲೆ ಹೆಬ್ಬಾತುಗಳು ಬಂದಿದ್ದವು. ಲಡಾಖಿನಲ್ಲಿ ನಿಮ್ಮ ಕ್ಯಾಂಪಿನ ಹತ್ತಿರದ ಸರೋವರದಲ್ಲಿ ಮೊಟ್ಟೆಯಿಡುವುದು ಇದೇ ಜಾತಿಯ ಹಕ್ಕಿ ಎಂದು ನೀವು ರಜೆಗೆ ಬಂದಾಗ ತೋರಿಸಿದಿರಲ್ಲ, ಅಂದಿನಿಂದ ಪುಟ್ಟಿ ಅವನ್ನು ಅಪ್ಪನ ಬಾತು ಎಂದೇ ಕರೆಯುತ್ತಾಳೆ. ತಾಯಿ ತನ್ನ ಎದೆಯ ತುಪ್ಪಳವನ್ನೇ ಕಿತ್ತು ಗೂಡಿಗೆ ಹಾಸುವುದು, ಮರಿ ಬೆಳೆಯುವ ಕಾಲಕ್ಕೆ ದೊಡ್ಡವುಗಳ ರೆಕ್ಕೆಯ ಗರಿಯೂ ಉದುರಿ ಹಾರಲಾಗದೆ ನೀರಿನಲ್ಲೇ ಉಳಿಯುವುದು, ಹೊಸ ಗರಿ ಬಂದ ಮೇಲೆ ಆ ಹಿಮದ ಬೆಟ್ಟಗಳನ್ನು ರಾತ್ರಿಯ ತಣ್ಣನೆ ಗಾಳಿಯಲ್ಲಿ ದಾಟುವುದು, ನೀವು ಹೇಳಿದ್ದೆಲ್ಲ ನೆನಪಿದೆ. ಇಲ್ಲಿ ಮಾತ್ರ ಅವು ದೊಡ್ಡ ಸೋಮಾರಿಗಳು. ಹಗಲೆಲ್ಲ ಕೆರೆಯ ನಡುವೆ ತೂಕಡಿಕೆ, ಕತ್ತಲಾದರೆ ಗದ್ದೆಗೆ ಇಳಿದು ಮೇಯುವುದು. ಪಕ್ಕದ ಮನೆಯ ಅಂಕಯ್ಯ ಮಾವ ಪೈರು ಹೋಯಿತೆಂದು ದಿನಾ ಬೈಯುತ್ತಿದ್ದರು.

ಹೋದ ತಿಂಗಳ ಮೂರನೆಯ ವಾರ ಒಂದೊಂದೇ ಸಾಯತೊಡಗಿದವು. ಕತ್ತು ತಿರುಚಿಕೊಂಡು, ನೀರಿನಲ್ಲಿ ಸುತ್ತು ಹಾಕಿ ಹಾಕಿ ದಡಕ್ಕೆ ಬೀಳುತ್ತಿದ್ದವು. ಬಟ್ಟೆ ಒಗೆಯಲು ಹೋದ ಅತ್ತೆ ಅಂಥದ್ದೊಂದನ್ನು ಸೆರಗಿನಲ್ಲಿ ಸುತ್ತಿ ಮನೆಗೆ ತಂದರು. ನಿಮ್ಮ ಅಮ್ಮ ಕೊಕ್ಕರೆ ಬೆಳ್ಳೂರಿನ ಮಗಳು. ಹೆಜ್ಜಾರ್ಲೆ ಹಕ್ಕಿಗಳು ಮನೆಮುಂದಿನ ಮರದಲ್ಲಿ ಗೂಡು ಕಟ್ಟಿದರೆ ಹೆಣ್ಣುಮಕ್ಕಳು ತವರಿಗೆ ಹೆರಿಗೆಗೆ ಬಂದರು ಎನ್ನುವ ಊರು ಅದು. ಇವು ಹೆರಲು ಬರುವುದಿಲ್ಲ ಅತ್ತೆ, ಹೊಟ್ಟೆಪಾಡಿಗೆ ಬರುತ್ತವೆ, ಇವುಗಳ ತವರು ನಿಮ್ಮ ಮಗ ಇರುವ ಕಡೆ ಎಂದು ಎಷ್ಟು ಹೇಳಿದರೂ ಕಿವಿಗೆ ಹಾಕಿಕೊಳ್ಳಲಿಲ್ಲ. "ದೂರ್ದಿಂದ ಬಂದ ಮಗ್ಳು ಬಾಗ್ಲಲ್ಲಿ ಬಿದ್ದವ್ಳೆ, ಹೊಸ್ಲು ದಾಟುಸ್ಬೇಡ ಅಂತೀಯಲ್ಲ" ಎಂದು ನನ್ನನ್ನೇ ಗದರಿದರು.

ಆಮೇಲೆ ನಡೆದದ್ದು ಪೂರಾ ಬಾಣಂತನ. ನನ್ನ ಹೆರಿಗೆಯಲ್ಲಿ ನನ್ನನ್ನು ಕೂಡಿಹಾಕಿದ್ದ ಅದೇ ಕತ್ತಲ ಕೋಣೆ, ಕೆಂಡದ ಕಾವು, ಸಾಂಬ್ರಾಣಿ ಹೊಗೆ. ಗಾಳಿ ಸೋಕಬಾರದೆಂದು ಕಿಟಕಿಯನ್ನೂ ಮುಚ್ಚಿದರು. ಅದರ ಮೂಗಿನ ಸಿಂಬಳವನ್ನು ಬರಿಗೈಯಲ್ಲಿ ಒರೆಸಿ, ಬೆರಳಿನಲ್ಲಿ ರಾಗಿ ಗಂಜಿ ಕುಡಿಸಿದರು. ಪುಟ್ಟಿ ಅಜ್ಜಿಯ ತೊಡೆ ಬಿಟ್ಟು ಏಳಲಿಲ್ಲ. ಮೂರನೆಯ ದಿನ ಹಕ್ಕಿ ಸತ್ತಿತು. ತವರಿಂದ ಬರಿಗೈಯಲ್ಲಿ ಕಳಿಸಬಾರದೆಂದು ಅತ್ತೆ ಹಳೇ ಸೀರೆಯ ತುಂಡಿನಲ್ಲಿ ಮಡಿಲಕ್ಕಿ ಕಟ್ಟಿ ಅದರ ಜೊತೆಗಿಟ್ಟು ಹಿತ್ತಲಲ್ಲಿ ಹೂತರು. ನನಗೂ ಅಳು ಬಂತು ರೀ, ಸುಳ್ಳು ಯಾಕೆ ಹೇಳಲಿ.

ಆ ವಾರವೇ ನಮ್ಮ ಕೋಳಿಗಳು ಸತ್ತವು. ಪಶು ಆಸ್ಪತ್ರೆಯ ಡಾಕ್ಟರು ಮಾಹೀನ್ ಕೆರೆಯ ಸತ್ತ ಬಾತುಗಳನ್ನು ಪರೀಕ್ಷೆಗೆ ಒಯ್ದು, ಹಕ್ಕಿಜ್ವರದ ಅನುಮಾನವಿದೆ, ಯಾರಾದರೂ ಮುಟ್ಟಿದ್ದೀರಾ ಎಂದು ಮನೆಮನೆಗೆ ಕೇಳಿಕೊಂಡು ಬಂದರು. ಅತ್ತೆ ಇಲ್ಲ ಎಂದರು. ನಾನು ಪಕ್ಕದಲ್ಲೇ ನಿಂತು ಬಾಯಿ ಮುಚ್ಚಿಕೊಂಡಿದ್ದೆ. ನಿಜ ಹೇಳಿದರೆ ಊರಿನ ಕೋಳಿಗಳನ್ನೆಲ್ಲ ಕೊಲ್ಲುತ್ತಾರೆ, ಹಕ್ಕಿಯ ಮೇಲೆ ಜನಕ್ಕೆ ಹೆದರಿಕೆ ಹುಟ್ಟಿದರೆ ನಾಳೆ ಬೆಳ್ಳೂರಿನ ಮರಗಳಿಗೂ ಕೊಡಲಿ ಬೀಳುತ್ತದೆ ಎನ್ನುವುದು ಅವರ ಭಯ. ನನ್ನ ಭಯ ಅವರ ಕೆಮ್ಮಿನದು. ಶನಿವಾರ ಜ್ವರ ಹತ್ತಿತು, ಭಾನುವಾರ ಮಾತು ಮುಗಿಸಲು ಉಸಿರು ಸಾಲುತ್ತಿರಲಿಲ್ಲ. ಆಗಲೂ ಶುಂಠಿ ಕಷಾಯ ಸಾಕು ಎಂದೇ ಹಟ.

ನಿನ್ನೆ ಬೆಳಿಗ್ಗೆ ನಾನು ಹಿತ್ತಲಿಗೆ ಹೋಗಿ ಮಾಹೀನ್ ಅವರಿಗೆ ಫೋನು ಮಾಡಿ ಎಲ್ಲ ಹೇಳಿಬಿಟ್ಟೆ. ಗಂಟೆಯೊಳಗೆ ಆಂಬುಲೆನ್ಸ್ ಬಂತು. ಮೈತುಂಬ ಬಿಳಿ ಬಟ್ಟೆ ತೊಟ್ಟವರು ಅತ್ತೆಯನ್ನು ಮಂಡ್ಯಕ್ಕೆ ಕರೆದೊಯ್ದರು. ಹೊರಡುವ ಮುನ್ನ, ಮೂಗಿಗೆ ಆಮ್ಲಜನಕದ ನಳಿಗೆ ಹಾಕಿದ ಮೇಲೂ ಅದನ್ನು ಸರಿಸಿ ನನಗೆ, "ಬೆಳ್ಳೂರ್ ಮರ ಕಡ್ಸೋಕೆ ನನ್ ಮನೇಗೆ ಬಂದ್ಯಾ ನೀನು" ಎಂದರು. ಆ ಮಾತು ನನಗೆ ಇನ್ನೂ ಚುಚ್ಚುತ್ತಿದೆ. ನನಗೂ ಪುಟ್ಟಿಗೂ ಮಾತ್ರೆ ಕೊಟ್ಟು ಮನೆಯೊಳಗೇ ಇರಲು ಹೇಳಿದ್ದಾರೆ. ನಾಳೆ ಊರಿನ ಕೋಳಿಗಳನ್ನು ಹಿಡಿಯಲು ಬರುತ್ತಾರೆ. ಅಂಕಯ್ಯ ಮಾವ ನಮ್ಮ ಕಡೆಗಿದ್ದ ತಮ್ಮ ಕಿಟಕಿಯನ್ನು ಮುಚ್ಚಿಕೊಂಡಿದ್ದಾರೆ. ಪುಟ್ಟಿಯ ಹಣೆಯನ್ನು ಮುಟ್ಟಿ ಮುಟ್ಟಿ ಈಗ ನನ್ನ ಅಂಗೈ ಬಿಸಿಯೋ ಅವಳ ಹಣೆ ಬಿಸಿಯೋ ತಿಳಿಯುತ್ತಿಲ್ಲ. ನಾನು ಮಾಡಿದ್ದು ಸರಿಯೇ? ಸರಿ ಎಂದು ನಿಮ್ಮ ಬಾಯಿಂದ ಒಂದು ಮಾತು ಬಂದರೆ ಸಾಕು.

ಪುಟ್ಟಿ ಅಪ್ಪನಿಗೆ ಮುತ್ತು ಕಳಿಸಿದ್ದಾಳೆ. ಅತ್ತೆಯ ಆಶೀರ್ವಾದ ನಿಮಗೆ ಯಾವತ್ತೂ ಇದ್ದೇ ಇದೆ, ಅವರ ಪರವಾಗಿ ನಾನೇ ಬರೆಯುತ್ತಿದ್ದೇನೆ. ಮೈ ಕೈ ಜೋಪಾನ.

ನಿಮ್ಮ
ಗಗನ

ಮರೆತಿದ್ದೆ: ಕಾಗದವನ್ನು ಪೋಸ್ಟಿಗೆ ಹಾಕಲು ಮಾಹೀನ್ ಬಾಗಿಲಲ್ಲಿ ಕಾಯುತ್ತಿದ್ದಾರೆ, ಬೇಗ ಬರೆಯುತ್ತೇನೆ. ಉಳಿದ ಬಾತುಗಳೆಲ್ಲ ಈಗ ತಾನೆ ಕೆರೆಯಿಂದ ಎದ್ದವು. ಗದ್ದೆಗೆ ಇಳಿಯಲಿಲ್ಲ, ಬಡಗಲಿಗೆ ಹೊರಟುಹೋದವು. ನಿಮ್ಮ ಕಡೆಗೇ ಇರಬೇಕು. ಕಾಗದ ಮೊದಲು ಮುಟ್ಟುತ್ತದೋ ಅವು ಮೊದಲು ಬರುತ್ತವೋ ಗೊತ್ತಿಲ್ಲ. ಅಲ್ಲಿ ದಡದಲ್ಲಿ ಒಂದು ಕತ್ತು ಜೋಲಿಸಿ ಬಿದ್ದಿದ್ದರೆ ನೀವು ನೋಡಿಕೊಂಡು ಸುಮ್ಮನೆ ಹೋಗುವವರಲ್ಲ, ನೀವು ಅತ್ತೆಯ ಮಗ. ನಿಮ್ಮ ಕಾಲಿಗೆ ಬೀಳುತ್ತೇನೆ, ಅದನ್ನು ಎತ್ತಿಕೊಳ್ಳಬೇಡಿ.