ಒಂದೇ ಸುತ್ತಿನ ಕಾಫಿ

ಕಂಪಾಲಾ, ಮಾರ್ಚ್ ೧೪, ಗುರುವಾರ

ತಲೆಗೆ ಎರಡು ಸಲ ನೀರು ಹಾಕಿಕೊಂಡರೂ ಕಾಫಿ ಹುರಿದ ಹೊಗೆಯ ವಾಸನೆ ಹೋಗಿಲ್ಲ. ಹುಟ್ಟಿದಾಗಿನಿಂದ ಇಷ್ಟಪಟ್ಟ ವಾಸನೆ, ಇವತ್ತು ಹೇಸಿಗೆ.

ನಾನು ಎರಿಟ್ರಿಯಾ ಬಿಟ್ಟು ಬಂದ ಕತೆ ಬರೆದ ಪುಸ್ತಕ ಇವತ್ತು ಬಿಡುಗಡೆ. ಸೈನಿಕರು ನನ್ನನ್ನು ಹಿಡಿದೊಯ್ದ ದಿನದ ಪುಟ ಓದಬೇಕೆಂದು ಗುರುತಿಟ್ಟುಕೊಂಡು ಹೋಗಿದ್ದೆ. ಕಾರ್ಯಕ್ರಮ ನಡೆಸುವ ನಕಿಮುಲಿ ವೇದಿಕೆಯ ಮೇಲೆ ಇದ್ದಿಲೊಲೆ, ಮಣ್ಣಿನ ಹೂಜಿ ಜೋಡಿಸಿಟ್ಟಿದ್ದಳು.

"ಓದೋದು ಆಮೇಲೆ ನೋಡೋಣ ಮೇಡಂ. ಮೊದಲು ನಿಮ್ಮ ದೇಶದ ಬಿಳಿ ಬಟ್ಟೆ ಹಾಕ್ಕೊಂಡು ಕಾಫಿ ಹುರೀರಿ. ಜನಕ್ಕೆ ಅದೇ ಬೇಕು."

ಹುರಿದೆ. ನಮ್ಮ ಪದ್ಧತಿಯಂತೆ ಹೊಗೆಯನ್ನು ಒಬ್ಬೊಬ್ಬರ ಮೂಗಿನ ಹತ್ತಿರ ಒಯ್ದೆ. ಫೋಟೋ ತೆಗೆದುಕೊಂಡರು. ಮೂರು ಸುತ್ತು ಕುಡಿಯಬೇಕಾದ ಕಾಫಿ; ಮೊದಲ ಸುತ್ತು ಕುಡಿದು, ಬಾಯಿ ಒರೆಸಿಕೊಂಡು ಎದ್ದೇಬಿಟ್ಟರು. ಪುಸ್ತಕ ತೆರೆಯಲೇ ಇಲ್ಲ.

ಜೊತೆಗೆ ಬಂದಿದ್ದ ನಮ್ಮೂರಿನ ಅಬ್ರೆಹೆತಕ್ಕನಿಗೆ ತಡೆಯಲಾಗಲಿಲ್ಲ. "ಮನೆಯವರನ್ನ ಹರಸೋದೇ ಮೂರನೇ ಸುತ್ತಲ್ಲಿ. ಅಷ್ಟರಲ್ಲೇ ಎದ್ದು ಹೋಗೋಕೆ ಇವರ ಮನೆಗೇನು ಬೆಂಕಿ ಬಿದ್ದಿದೆಯಾ?"

ನಕಿಮುಲಿ ನಕ್ಕಳು. "ಏಳು ಗಂಟೆಗೆ ಹಾಲ್ ಖಾಲಿ ಮಾಡ್ಬೇಕಲ್ಲ ಅಮ್ಮ."

ಥೂ.

ನಾನು ಗುರುತಿಟ್ಟಿದ್ದ ಪುಟದಲ್ಲಿ ಇದ್ದದ್ದು ಇಷ್ಟೇ: ನನ್ನನ್ನು ಹಿಡಿಯಲು ಬಂದವರು ಬಂದೂಕು ಗೋಡೆಗೆ ಒರಗಿಸಿ, ಅಮ್ಮ ಮೂರನೇ ಸುತ್ತು ಬಗ್ಗಿಸುವವರೆಗೆ ಕೂತಿದ್ದರು. ಕುಡಿದು, ನಮ್ಮ ಮನೆಯನ್ನು ಹರಸಿ, ಆಮೇಲೆ ನನ್ನನ್ನು ಹಿಡಿದೊಯ್ದರು.